ಕಂಬದ ಮೇಲಿನ ಕಾಲುವೆ: ವಿಜಯನಗರದ ಅರಮನೆಗೆ ನೀರು ಬಂದ ದಾರಿ

ಹಂಪಿಗೆ ಹೋಗಿ ಬಂದವರ ಫೋನಿನಲ್ಲಿ ಈ ಫೋಟೋ ಇದ್ದೇ ಇರುತ್ತದೆ. ಕರಿಹಸಿರು ಕಲ್ಲಿನ ಮೆಟ್ಟಿಲುಗಳ ಪುಷ್ಕರಣಿ, ಪಕ್ಕದಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು, ಕಂಬಗಳ ತಲೆಯ ಮೇಲೆ ಒಂದರ ಬಾಯಿಗೆ ಇನ್ನೊಂದು ಬಾಯಿ ಕೊಟ್ಟು ಮಲಗಿಸಿದ ಕಲ್ಲಿನ ದೋಣಿಗಳು. ಮಹಾನವಮಿ ದಿಬ್ಬದಿಂದ ನಾಲ್ಕು ಹೆಜ್ಜೆ ನಡೆದರೆ ಸಿಗುವ ಈ ಮೇಲ್ಗಾಲುವೆಯೇ ವಿಜಯನಗರದ ನೀರಿನ ಏರ್ಪಾಟು ಎಂದು ಬಹಳ ಜನ ತಿಳಿದಿದ್ದಾರೆ. ಅದು ಬಾಲ ಅಷ್ಟೇ. ತಲೆ ಕಮಲಾಪುರದ ಕೆರೆಯಲ್ಲಿದೆ, ಹೊಟ್ಟೆ ನೆಲದೊಳಗಿದೆ. ಬಾಲ ಎತ್ತರದಲ್ಲಿರುವುದರಿಂದ ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ಯಾಕೆ ಬೇಕಾಯಿತು? ತುಂಗಭದ್ರೆ ಊರ ಪಕ್ಕದಲ್ಲೇ ಹರಿಯುತ್ತಾಳಲ್ಲ? ಹರಿಯುತ್ತಾಳೆ, ಆದರೆ ತಗ್ಗಿನಲ್ಲಿ. ಅರಮನೆಯ ಆವರಣ ನದಿಗಿಂತ ಮೇಲಿದೆ. ನಡುವೆ ಗುಂಡುಗಳ ಗುಡ್ಡಸಾಲು, ಆ ಗುಡ್ಡಗಳ ನಡುವೆ ಗದ್ದೆಗಳ ಕಣಿವೆ. ಏತ ಕಪಿಲೆ ಹೂಡಿ ನೀರೆತ್ತಿದರೆ ಒಂದು ತೋಟ ಬದುಕೀತು, ಅರಮನೆಯ ಕೊಳಗಳು ತುಂಬಲಾರವು. ಎತ್ತದೆ ನೀರು ತರಬೇಕಾದರೆ ಒಂದೇ ದಾರಿ: ನದಿ ಇನ್ನೂ ಎತ್ತರದಲ್ಲಿರುವ ಕಡೆ, ಊರಿಗಿಂತ ಮೇಲ್ದಂಡೆಯಲ್ಲೆಲ್ಲೋ, ಅಣೆ ಕಟ್ಟಿ ನೀರನ್ನು ಹಿಡಿಯಬೇಕು. ಆಮೇಲೆ ನದಿಗಿಂತ ಕಡಿಮೆ ಇಳಿಜಾರಿನಲ್ಲಿ ಅದನ್ನು ಗುಡ್ಡದ ಮಗ್ಗುಲಲ್ಲೇ ಸುತ್ತಾಡಿಸುತ್ತ ತರಬೇಕು. ನದಿ ಬೇಗ ಇಳಿಯುತ್ತದೆ, ಕಾಲುವೆ ನಿಧಾನವಾಗಿ ಇಳಿಯುತ್ತದೆ. ಊರು ಮುಟ್ಟುವ ಹೊತ್ತಿಗೆ ಎರಡರ ನಡುವೆ ಎಷ್ಟು ಎತ್ತರ ಉಳಿದಿದೆಯೋ ಅದೇ ಗಳಿಕೆ.

ಇಲ್ಲಿ ಎರಡು ಬಗೆಯ ಕಾಲುವೆಗಳನ್ನು ಬೇರೆಬೇರೆಯಾಗಿ ನೋಡಬೇಕು. ತುರ್ತು ಕಾಲುವೆ ಹಂಪಿಯ ಸಮೀಪದಲ್ಲೇ ನದಿ ಬಿಟ್ಟು, ದೇವಾಲಯಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವಿನ ಕಣಿವೆಯಲ್ಲಿ ಹರಿಯುತ್ತದೆ. ಅದು ತಗ್ಗಿನ ಕಾಲುವೆ, ಗದ್ದೆ ಬಾಳೆತೋಟಗಳಿಗೆ ಹೇಳಿ ಮಾಡಿಸಿದ್ದು. ರಾಯ ಕಾಲುವೆ ಮೇಲಿನದು. ಹೊಸಪೇಟೆಯ ಕಡೆಯಿಂದ ಬಂದು ಕಮಲಾಪುರದ ಕೆರೆಗೆ ನೀರು ಸೇರಿಸುವುದು ಅದೇ. ಅರಮನೆಯ ಆವರಣದ ದಕ್ಷಿಣಕ್ಕಿರುವ ಈ ಕೆರೆಗೆ ಸುತ್ತಲಿನ ಮಳೆನೀರೂ ಇಳಿದು ಬರುತ್ತದೆ. ಅರಮನೆಯ ನೀರಿನ ಖಜಾನೆ ಎಂದರೆ ಇದೇ.

ಕಾಲುವೆಯಿಂದ ನೇರವಾಗಿ ಕೊಳಕ್ಕೆ ಬಿಡದೆ ನಡುವೆ ಕೆರೆ ಇಟ್ಟಿದ್ದಕ್ಕೆ ಮೂರು ಲಾಭ ಕಾಣುತ್ತವೆ. ಮಳೆಗಾಲದ ತುಂಗಭದ್ರೆ ಕೆಂಪು ನೀರು ತರುತ್ತದೆ. ಕೆರೆಯಲ್ಲಿ ನಿಂತರೆ ಮಣ್ಣು ತಳ ಸೇರಿ ಮೇಲೆ ತಿಳಿ ನೀರು ಉಳಿಯುತ್ತದೆ. ಬೇಸಿಗೆಯಲ್ಲಿ ನದಿ ಬತ್ತಿ ಅಣೆಯ ಮೇಲೆ ನೀರೇ ಬಾರದಿದ್ದಾಗ ಕೆರೆ ಕೈ ಹಿಡಿಯುತ್ತದೆ. ಮೂರನೆಯದು ಮಟ್ಟ. ಕಾಲುವೆಯಲ್ಲಿ ನೀರು ಇವತ್ತು ಮೊಣಕಾಲುದ್ದ, ನಾಳೆ ಎದೆಮಟ್ಟ. ಕೆರೆಯ ಮಟ್ಟ ದಿನಕ್ಕೆ ಬೆರಳಗಲ ಏರಿಳಿದರೆ ಹೆಚ್ಚು. ಕಲ್ಲಿನ ದೋಣಿಯಲ್ಲಿ ಒಂದೇ ಸಮ ನೀರು ಹರಿಯಬೇಕಾದರೆ ಈ ಸ್ಥಿರತೆ ಇರಲೇಬೇಕು.

ಕೆರೆ ಕಟ್ಟುವುದು ಸುಲಭದ ಕೆಲಸವಾಗಿರಲಿಲ್ಲ ಎನ್ನುವುದಕ್ಕೆ ಕಣ್ಣಾರೆ ಕಂಡವರ ಬರಹವೇ ಇದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ರಾಜ ಕಟ್ಟಿಸುತ್ತಿದ್ದ ದೊಡ್ಡದೊಂದು ಕೆರೆಯನ್ನು ವರ್ಣಿಸಿದ್ದಾನೆ. ಎರಡು ಗುಡ್ಡಗಳ ಬಾಯಿಗೆ ಏರಿ ಹಾಕಿದ ಕೆರೆ ಅದು. ಅದರ ನೀರು ಮೂರು ಲೀಗಿಗಿಂತ ದೂರದಿಂದ, ಅಂದರೆ 15 ಕಿಲೋಮೀಟರಿಗೂ ಹೆಚ್ಚು ದೂರದಿಂದ, ಗುಡ್ಡಸಾಲಿನ ಹೊರಮಗ್ಗುಲಿನ ತಗ್ಗಿನಲ್ಲಿ ಕೊಳವೆಗಳ ಮೂಲಕ ಬರುತ್ತಿತ್ತಂತೆ. ಹದಿನೈದರಿಂದ ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ದುಡಿಯುತ್ತಿದ್ದರು, ಕಾಲಿಟ್ಟ ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ. ಆ ಕೆರೆ ಎರಡು ಮೂರು ಸಲ ಒಡೆಯಿತು, ಒಡೆಯದಿರಲೆಂದು ಬಲಿಯನ್ನೂ ಕೊಟ್ಟರು ಎಂದೂ ಬರೆದಿದ್ದಾನೆ. ಅವನ ನಂತರ ಬಂದ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಪ್ರಕಾರ ಈ ಕೆಲಸದಲ್ಲಿ ಜೋವಾವ್ ದೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದ ಮೇಸ್ತ್ರಿಯೂ ಇದ್ದ. ಪೊಂಟೆ ಎಂದರೆ ಸೇತುವೆ, ಹೆಸರಿಗೆ ತಕ್ಕ ಕಸುಬು.

ಪಾಯಸ್ ಹೇಳಿದ ಇನ್ನೊಂದು ವಿವರವನ್ನು ಓದುಗರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಕೆರೆಯೊಳಗೆ ಚಿತ್ರಗಳನ್ನು ಕೆತ್ತಿದ ಮೂರು ದೊಡ್ಡ ಕಂಬಗಳಿದ್ದವು, ಅವು ಮೇಲ್ಗಡೆ ಕೊಳವೆಗಳಿಗೆ ಕೂಡಿಕೊಂಡಿದ್ದವು, ತೋಟ ಗದ್ದೆಗೆ ನೀರು ಬೇಕಾದಾಗ ಅಲ್ಲಿಂದ ಬಿಡುತ್ತಿದ್ದರು ಎನ್ನುತ್ತಾನೆ. ಇದು ನಮ್ಮ ತೂಬಲ್ಲದೆ ಮತ್ತೇನು? ನೀರೊಳಗೆ ನಿಂತ ಕಲ್ಲುಕಂಬಗಳು, ನಡುವಿನ ಅಡ್ಡಗಲ್ಲಿನಲ್ಲಿ ತೂತು, ಆ ತೂತಿನಲ್ಲಿ ಮೇಲಕ್ಕೂ ಕೆಳಕ್ಕೂ ಆಡುವ ಗಳು, ಗಳುವಿನ ತುದಿಗೆ ತೂಬಿನ ಬಾಯಿ ಮುಚ್ಚುವ ಬಿರಡೆ. ಏರಿಯ ಅಡಿಯಲ್ಲಿ ಕಲ್ಲುಚಪ್ಪಡಿಯ ಸುರಂಗ. ಪರದೇಶಿಗೆ ಕಂಬ ಕಂಡಿತು, ಬಿರಡೆ ನೀರಿನಡಿ ಇದ್ದುದರಿಂದ ಕಾಣಲಿಲ್ಲ.

ಏರಿ ಒಡೆಯುವುದು ಹೆಚ್ಚಾಗಿ ಈ ತೂಬಿನ ಹತ್ತಿರವೇ. ಮಣ್ಣು ಮಣ್ಣಿಗೆ ಹೊಂದಿಕೊಳ್ಳುತ್ತದೆ, ಕಲ್ಲಿಗೆ ಹೊಂದುವುದಿಲ್ಲ. ಸುರಂಗದ ಹೊರಮೈಗೂ ಏರಿಯ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಸಾಕು, ನೀರು ಅದರಲ್ಲಿ ನುಸುಳುತ್ತದೆ, ಒಂದೊಂದೇ ಕಣ ಮಣ್ಣನ್ನು ಎತ್ತಿಕೊಂಡು ಹೋಗುತ್ತದೆ. ಹೊರಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಚಿಂತೆಯಿಲ್ಲ. ಕದಡಿ ಬಂದರೆ ಒಳಗೆ ಏರಿ ಸವೆಯುತ್ತಿದೆ ಎಂದೇ ಅರ್ಥ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದನೆಯ ಬುಕ್ಕನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬರಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ದೋಷಗಳ ಪಟ್ಟಿಯಲ್ಲಿ ಏರಿ ಜಿನುಗುವುದೂ ಇದೆ. ಸವಳು ನೆಲ, ಕೆರೆಯ ನಡುವೆ ಆಮೆಬೆನ್ನಿನಂತೆ ಉಬ್ಬಿದ ನೆಲ, ನೀರು ಕಡಿಮೆಯಾಗಿ ಜಮೀನು ಹೆಚ್ಚಾಗುವುದು, ಜಮೀನು ಕಡಿಮೆಯಾಗಿ ನೀರು ಹೆಚ್ಚಾಗುವುದು, ಇವೂ ಇವೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದನ್ನೂ ದೋಷವೆಂದೇ ಬರೆದಿದ್ದಾರೆ. ಕಾವೇರಿಯ ತಗಾದೆ ಕಂಡ ನಮಗೆ ಆ ಸಾಲು ಓದಿ ನಗು ಬರುತ್ತದೆ. ಪೋರುಮಾಮಿಳ್ಳದ ಕೆರೆಗೆ ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಗಾಡಿ, ಎರಡು ವರ್ಷ ಹಿಡಿಯಿತು.

ಇಂಥ ಕೆಲಸ ಗೊತ್ತಿದ್ದವರಿಗೆ ಆಗ ಒಂದು ಹೆಸರೇ ಇತ್ತು. ಗೌರಿಬಿದನೂರು ತಾಲ್ಲೂಕಿನ 1388ರ ಶಾಸನದಲ್ಲಿ ಜಲಸೂತ್ರದ ಸಿಂಗಾಯಭಟ್ಟ ಬರುತ್ತಾನೆ. ಪೆನುಗೊಂಡೆಯಲ್ಲಿದ್ದ, ಎರಡನೆಯ ಹರಿಹರನ ಮಗ ಪ್ರತಾಪ ಬುಕ್ಕರಾಯ, ನೀರೇ ಜೀವಿಗಳ ಜೀವ, ಆದ್ದರಿಂದ ಹೆನ್ನೆ (ಪೆನ್ನಾರ್) ನದಿಯನ್ನು ಪೆನುಗೊಂಡೆಗೆ ತರಬೇಕು ಎಂದು ತುಂಬಿದ ಓಲಗದಲ್ಲಿ ಅವನಿಗೆ ಅಪ್ಪಣೆ ಕೊಟ್ಟ. ಸಿಂಗಾಯಭಟ್ಟ ಸಿರಿವೆರದ ಕೆರೆಗೆ ಕಾಲುವೆ ತಂದು ಅದಕ್ಕೆ ಪ್ರತಾಪ ಬುಕ್ಕರಾಯ ಮಂಡಲದ ಕಾಲುವೆ ಎಂದು ಹೆಸರಿಟ್ಟ. ಇಲ್ಲೂ ನದಿಯಿಂದ ಕಾಲುವೆ, ಕಾಲುವೆಯಿಂದ ಕೆರೆ. ಹಂಪಿಯದೂ ಅದೇ ಜಾಡು.

ಇನ್ನು ಅರಮನೆಯ ಕಡೆಗೆ. ಕೆರೆ ಬಿಟ್ಟ ನೀರು ಮೊದಲು ನೆಲದ ಕಾಲುವೆಯಲ್ಲಿ ಬರುತ್ತದೆ. ನೆಲ ತಗ್ಗಾದ ಕಡೆ ಕಾಲುವೆಯನ್ನು ಗೋಡೆಯ ಮೇಲೆ ಕೂರಿಸಬೇಕು, ಇನ್ನೂ ತಗ್ಗಾದರೆ ಕಂಬದ ಮೇಲೆ. ಕಂಬದ ಸಾಲು ಶೋಕಿಗೆ ಬಂದದ್ದಲ್ಲ, ಎತ್ತರವನ್ನು ಕಳೆದುಕೊಳ್ಳಬಾರದು ಎಂದು ಬಂದದ್ದು. ನೀರಿನ ಕೆಲಸದಲ್ಲಿ ಎತ್ತರವೇ ದುಡ್ಡು. ಒಮ್ಮೆ ಖರ್ಚು ಮಾಡಿದರೆ ಮತ್ತೆ ಬರುವುದಿಲ್ಲ.

ದೋಣಿಯೊಂದನ್ನು ಹತ್ತಿರದಿಂದ ನೋಡಿ. ಗ್ರಾನೈಟಿನ ಒಂದೇ ದಿಮ್ಮಿ. ಮೇಲ್ಮೈಯಲ್ಲಿ ಉದ್ದಕ್ಕೂ ಕೊರೆದ ತೋಡು, ಒಳಮೈ ನುಣುಪು, ಹೊರಮೈಯಲ್ಲಿ ಉಳಿಯ ಗೆರೆಗಳು ಹಾಗೇ ಉಳಿದಿವೆ. ನೀರು ಮುಟ್ಟದ ಕಡೆ ಉಜ್ಜಿ ಕೈನೋವು ಮಾಡಿಕೊಳ್ಳುವುದು ಯಾಕೆ ಎಂದು ಕಲ್ಲುಕುಟಿಗ ಅಂದುಕೊಂಡಿರಬೇಕು. ಒಳಮೈ ನುಣುಪಿಗೆ ಲೆಕ್ಕದ ಕಾರಣವೇ ಇದೆ. ಉದಾಹರಣೆಗೆ ಒಳಗೆ 30 ಸೆಂಟಿಮೀಟರ್ ಅಗಲದ ದೋಣಿ, ಅದರಲ್ಲಿ 20 ಸೆಂಟಿಮೀಟರ್ ನೀರು, 500 ಮೀಟರಿಗೆ 1 ಮೀಟರ್ ವಾಟ ಎಂದಿಟ್ಟುಕೊಳ್ಳೋಣ. ನಯವಾಗಿ ಕೆತ್ತಿದ ಕಲ್ಲಾದರೆ ಸೆಕೆಂಡಿಗೆ ಸುಮಾರು 35 ಲೀಟರ್ ಹರಿಯುತ್ತದೆ. ಅದೇ ಅಳತೆಯ ಒರಟು ಕಲ್ಲಾದರೆ 21 ಲೀಟರ್. ನುಣುಪಿನ ದೋಣಿಯಲ್ಲಿ ಅರ್ಧ ಆಳಕ್ಕೆ ಹೂಳು ತುಂಬಿದರೆ ನೀರು 14 ಲೀಟರಿಗೆ ಇಳಿಯುತ್ತದೆ, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಆಳ ಅರ್ಧವಾದಾಗ ಜಾಗವಷ್ಟೇ ಅಲ್ಲ, ವೇಗವೂ ಕುಗ್ಗುತ್ತದೆ. ವೇಗ ಕುಗ್ಗಿದರೆ ಇನ್ನಷ್ಟು ಹೂಳು ಕೂರುತ್ತದೆ. ಹೂಳು ತೆಗೆಯುವ ಕೆಲಸ ತಡವಾದಷ್ಟೂ ಹೆಚ್ಚುವುದು ಹೀಗೆ.

ಅದೇ 35 ಲೀಟರಿನ ಲೆಕ್ಕವನ್ನು ಇಡೀ ದಿನಕ್ಕೆ ಹಿಗ್ಗಿಸಿದರೆ 30 ಲಕ್ಷ ಲೀಟರ್. ಮೆಟ್ಟಿಲ ಪುಷ್ಕರಣಿ ಮೇಲ್ಗಡೆ ಸುಮಾರು 22 ಮೀಟರ್ ಚೌಕ, ಆಳ ಸುಮಾರು 7 ಮೀಟರ್, ಕೆಳಕ್ಕೆ ಹೋದಂತೆ ಕಿರಿದಾಗುತ್ತದೆ. ಸ್ಥೂಲವಾಗಿ 15 ಲಕ್ಷ ಲೀಟರ್ ಹಿಡಿದೀತು. ಇಂಥ ಒಂದು ದೋಣಿ ಅರ್ಧ ದಿನದಲ್ಲಿ ಅದನ್ನು ತುಂಬಿಸುತ್ತದೆ. ಹಾಗಾಗಿ ತೊಂದರೆ ನೀರಿನ ಪ್ರಮಾಣದಲ್ಲಿ ಇರಲಾರದು. ತೊಂದರೆ ಇರುವುದು ಸಂದಿಯಲ್ಲಿ.

ಎರಡು ದೋಣಿಗಳು ಕೂಡುವ ಜಾಗ ಕಂಬದ ತಲೆಯ ಮೇಲೇ ಬರಬೇಕು. ಗ್ರಾನೈಟು ಹೇರಿಗೆ ಗಟ್ಟಿ, ಬಾಗಿಗೆ ಹೆದರುತ್ತದೆ. ತುದಿ ಅಂತರದಲ್ಲಿ ತೂಗಿದರೆ ಬುಡದಲ್ಲಿ ಬಿರುಕು ಬೀಳುತ್ತದೆ. 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ದಿಮ್ಮಿಯನ್ನು ಕೊರೆದು ದೋಣಿ ಮಾಡಿದರೂ ಮೀಟರಿಗೆ ಅರ್ಧ ಟನ್ ತೂಗುತ್ತದೆ. ಅದರೊಳಗಿನ ನೀರು 60 ಕಿಲೋ. ಕಂಬ ಹೊರುವುದು ಕಲ್ಲನ್ನು, ನೀರು ಲೆಕ್ಕಕ್ಕಿಲ್ಲ. ಇಷ್ಟು ಭಾರದ ಕಲ್ಲು ತಾನಾಗಿ ಅಲ್ಲಾಡುವುದಿಲ್ಲ. ಕಂಬದ ಬುಡ ಕುಸಿದರೆ ಮಾತ್ರ ಅಲ್ಲಾಡುತ್ತದೆ. ಕಂಬದ ಬುಡ ಕುಸಿಯುವುದು ಯಾವಾಗ? ಸಂದಿಯ ಗಾರೆ ಬಿಟ್ಟಾಗ. ಸೋರಿದ ನೀರು ಕಂಬಗುಂಟ ಇಳಿದು ಬುಡದ ಮಣ್ಣನ್ನು ಮೆತ್ತಗಾಗಿಸುತ್ತದೆ, ಕಂಬ ಬೆರಳಗಲ ವಾಲುತ್ತದೆ, ಸಂದಿ ಇನ್ನಷ್ಟು ಬಾಯಿ ಬಿಡುತ್ತದೆ, ಸೋರಿಕೆ ಹೆಚ್ಚುತ್ತದೆ. ಮೊದಲ ವಾರ ಒಂದು ಬಾಣಲಿ ಗಾರೆಯಲ್ಲಿ ಮುಗಿಯುತ್ತಿದ್ದ ರಿಪೇರಿ, ವರ್ಷ ಬಿಟ್ಟರೆ ದೋಣಿ ಇಳಿಸಿ ಕಂಬ ಎತ್ತುವ ಕೆಲಸವಾಗುತ್ತದೆ.

ಗಾರೆಯ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಬರಿಯ ಸುಣ್ಣ ಮರಳಿನ ಗಾರೆ ಗಾಳಿ ಕುಡಿದು ಗಟ್ಟಿಯಾಗುವಂಥದ್ದು. ಸದಾ ಒದ್ದೆಯಿರುವ ಕಡೆ ಅದು ಹಸಿಯಾಗಿಯೇ ಉಳಿದು ಕರಗಿ ಹೋಗುತ್ತದೆ. ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆಸಿ ಅರೆದರೆ ನೀರಿನಲ್ಲೂ ಬಿಗಿಯುತ್ತದೆ. ಅರೆಯುವುದರಲ್ಲಿ ಆತುರಪಟ್ಟರೆ ಸುಣ್ಣದ ಹರಳು ಅರಳದೆ ಉಳಿದು, ಆಮೇಲೆ ನೀರು ತಾಗಿದಾಗ ಉಬ್ಬಿ, ಮೆತ್ತಿದ ಗಾರೆಯನ್ನೇ ಒಡೆದು ಉದುರಿಸುತ್ತದೆ.

ಆವರಣದೊಳಗೆ ಬಂದ ನೀರು ಕವಲಾಗುತ್ತದೆ. ಒಂದು ಕವಲು ಮೆಟ್ಟಿಲ ಪುಷ್ಕರಣಿಗೆ, ಇನ್ನೊಂದು ಪಕ್ಕದ ದೊಡ್ಡ ಸ್ನಾನದ ಕೊಳಕ್ಕೆ. 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಪುಷ್ಕರಣಿಯ ಕಲ್ಲು ಸುತ್ತಲಿನ ಗ್ರಾನೈಟ್ ಅಲ್ಲ. ಬಳಪದ ಕಲ್ಲಿನ ಜಾತಿಯ ಮೆದು ಕಲ್ಲು, ಅಂಚು ನೇರವಾಗಿ ಕೆತ್ತಲು ಬರುತ್ತದೆ. ಐದು ಅಂತಸ್ತು, ಪ್ರತಿ ಅಂತಸ್ತಿನ ಅಂಚಿಗೂ ಪುಟ್ಟ ಪುಟ್ಟ ಮೆಟ್ಟಿಲುಗೂಡುಗಳು. ಬಗ್ಗಿ ನೋಡಿದರೆ ಕಲ್ಲುಗಳ ಮೇಲೆ ಗುರುತುಗಳಿವೆ. ಯಾವ ದಿಕ್ಕು, ಎಷ್ಟನೆಯ ಅಂತಸ್ತು, ಎಷ್ಟನೆಯ ಸಾಲು ಎಂದು ಜೋಡಿಸುವವನಿಗೆ ತಿಳಿಸುವ ಗುರುತುಗಳು. ಬೇರೆ ಕಡೆ ಕೆತ್ತಿ, ಅಳತೆ ಹೊಂದಿಸಿ, ನಂಬರು ಹಾಕಿ, ಇಲ್ಲಿಗೆ ತಂದು ಜೋಡಿಸಿದ್ದಾರೆ. ಇವತ್ತಿನ ರೆಡಿಮೇಡ್ ಕಪಾಟಿಗೂ ಇದೇ ಉಪಾಯ.

ಮುಂದಿನ ಹಂಚಿಕೆ ಹೆಚ್ಚಾಗಿ ಮಣ್ಣಿನ ಕೊಳವೆಗಳದ್ದು. ಸುಟ್ಟ ಮಣ್ಣಿನ ಕೊಳವೆಯ ಒಂದು ತುದಿ ಕಿರಿದು, ಒಂದು ತುದಿ ಅಗಲ. ಕಿರಿದಾದದ್ದನ್ನು ನೀರು ಹೋಗುವ ದಿಕ್ಕಿಗೆ ಮುಖ ಮಾಡಿಸಿ ಮುಂದಿನದರ ಅಗಲ ಬಾಯಿಗೆ ತೂರಿಸಬೇಕು. ತಿರುಗಾಮುರುಗಾ ಇಟ್ಟರೆ ಪ್ರತಿ ಸಂದಿಯಲ್ಲೂ ನೀರು ಅಂಚಿಗೆ ಬಡಿದು ಹೊರಗೆ ದಾರಿ ಹುಡುಕುತ್ತದೆ, ಕಸ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸುತ್ತ ಇಟ್ಟಿಗೆ ಗಾರೆಯ ಕವಚ ಹಾಕಿ ಹೂತದ್ದನ್ನು ಅರಮನೆಯ ಭಾಗದಲ್ಲಿ ಹಲವು ಕಡೆ ಕಾಣಬಹುದು. ಮಣ್ಣಿನ ಕೊಳವೆ ಒಳಗಿನಿಂದ ತಳ್ಳುವ ಒತ್ತಡ ತಾಳುವುದಿಲ್ಲ, ಆ ಕವಚವೇ ಅದರ ಬಲ. ಎತ್ತರ 10 ಮೀಟರ್ ಹೆಚ್ಚಿದಂತೆ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಕೂಡುತ್ತದೆ. ಇದೇ ಸಮಸ್ಯೆಗೆ ವಿಜಯಪುರದವರು ಮುಂದೆ ಬೇರೆ ದಾರಿ ಕಂಡುಕೊಂಡರು. 1651ರಲ್ಲಿ ಕಟ್ಟಿದ ಬೇಗಂ ತಲಾಬ್ ಎಂಬ ಕೆರೆಯಿಂದ ಊರಿಗೆ ಬರುವ ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ನೀರು ಗೋಪುರದಲ್ಲಿ ಏರಿ, ಒತ್ತಡ ಕಳೆದುಕೊಂಡು, ಮಣ್ಣು ಕೆಳಗಿಳಿಸಿ ಮುಂದೆ ಹೋಗುತ್ತಿತ್ತು.

ರಾಣಿಯ ಸ್ನಾನಗೃಹದಲ್ಲಿ ನೀರಿನ ಆಟ ಇನ್ನೊಂದು ಬಗೆ. ಒಳಗೆ 15 ಮೀಟರ್ ಚೌಕದ, 1.8 ಮೀಟರ್ ಆಳದ ಕೊಳ, ಕಟ್ಟಡದ ಹೊರಸುತ್ತು ಕಂದಕ. ಕೊಳಕ್ಕೆ ಹೊಸ ನೀರು ಬರುತ್ತಿದ್ದರಷ್ಟೇ ಹಳೆಯದು ಹೊರಗೆ ಹೋಗುತ್ತದೆ. ಅಂದರೆ ಇಂಥ ಕೊಳ ಸಾಕುವುದು ಒಮ್ಮೆ ತುಂಬಿಸಿ ಮುಗಿಸುವ ಕೆಲಸವಲ್ಲ. ಭೋಜನಶಾಲೆ ಎಂದು ಕರೆಯುವ ಕಡೆ ಕಲ್ಲಿನ ಕಾಲುವೆಯ ಎರಡೂ ಬದಿಗೆ ಊಟದ ತಟ್ಟೆಗಳನ್ನೇ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ, ಪಲ್ಯ ಕೋಸಂಬರಿಗೆಂಬಂತೆ ಬೇರೆ ಬೇರೆ ಗುಳಿಗಳ ಸಮೇತ. ಎರಡನೆಯ ದೇವರಾಯನ ಕಾಲದಲ್ಲಿ, 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಅರಮನೆಯ ಬಳಿ ಕೆತ್ತಿ ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರನ್ನು ಮೆಚ್ಚಿ ಬರೆದಿದ್ದಾನೆ. ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕೆ ಅರವತ್ತಾರು ವರ್ಷ ಮೊದಲೇ ಅರಮನೆಯಲ್ಲಿ ಕಲ್ಲಿನ ಕಾಲುವೆಗಳಿದ್ದವು ಎಂದಾಯಿತು. ಹಂಪಿಯಲ್ಲಿ ಚೆಂದ ಕಂಡದ್ದೆಲ್ಲ ಕೃಷ್ಣದೇವರಾಯನದು ಎನ್ನುವವರು ಇದನ್ನು ಗಮನಿಸಬೇಕು.

ಅಂದ ಹಾಗೆ, ವಿಠ್ಠಲ ದೇವಾಲಯದ ಕಡೆ ಹೋಗುವಾಗ ನದಿಯಲ್ಲಿ ಕಾಣುವ ಕಂಬಗಳ ಸಾಲನ್ನು ಕೆಲವರು ಮೇಲ್ಗಾಲುವೆ ಎನ್ನುತ್ತಾರೆ. ಅದು ಸೇತುವೆ. ಬುಕ್ಕನ ಮೇಲ್ಗಾಲುವೆ ಎಂಬ ಹೆಸರಿನದು ವಿರೂಪಾಪುರ ಗಡ್ಡೆಯ ಬಳಿ ಇದೆ, ಅದು ಗದ್ದೆಗೆ ನೀರು ದಾಟಿಸುತ್ತಿದ್ದದ್ದು, ಅರಮನೆಗೂ ಅದಕ್ಕೂ ಸಂಬಂಧವಿಲ್ಲ.

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ (ತಾಳಿಕೋಟೆಯ) ಯುದ್ಧದಲ್ಲಿ ರಾಮರಾಯ ಬಿದ್ದ, ಊರು ಸುಲಿಗೆಯಾಯಿತು. ಮೇಲ್ಗಾಲುವೆಯನ್ನು ನಿಲ್ಲಿಸಲು ಯಾರೂ ಅದನ್ನು ಕೆಡವಬೇಕಾಗಿರಲಿಲ್ಲ. ಗಾರೆ ಮೆತ್ತುವವನಿಗೆ ಕೂಲಿ ಕೊಡುವವರು ಇಲ್ಲದಾದರು, ಅಷ್ಟೇ. ತುರ್ತು ಕಾಲುವೆಗೆ ಆ ಗತಿ ಬರಲಿಲ್ಲ. ಅದರ ನೀರಿನಿಂದ ಅನ್ನ ಉಣ್ಣುವವರು ದಂಡೆಯಲ್ಲೇ ಇದ್ದರು, ಹೂಳು ತುಂಬಿದರೆ ತಾವೇ ಇಳಿದು ಎತ್ತುತ್ತಿದ್ದರು. ದೊಡ್ಡ ದೊಡ್ಡ ಗುಂಡುಗಳನ್ನು ಹಾಸುಬಂಡೆಗಳ ನಡುವೆ ಜೋಡಿಸಿದ ಹಳೆಯ ಅಣೆಗಳೂ ಹೀಗೇ ಉಳಿದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂದ ಮೇಲೆ ರಾಯ ಕಾಲುವೆಗೂ ಬಸವಣ್ಣ ಕಾಲುವೆ ಎಂಬ ಇನ್ನೊಂದು ಹಳೆಯ ಕಾಲುವೆಗೂ ಜಲಾಶಯದಿಂದಲೇ ನೀರು ಬಿಡಲಾಯಿತು. ಕಮಲಾಪುರದ ಕೆರೆ ಈಗಲೂ ಕೆರೆಯಾಗಿಯೇ ಇದೆ.

ಹಂಪಿಗೆ ಹೋದರೆ ದೋಣಿಗಳ ಸಾಲಿನ ಒಂದು ತುದಿಯಲ್ಲಿ ಕಣ್ಣು ಮಟ್ಟ ಮಾಡಿ ನಿಂತು ಇನ್ನೊಂದು ತುದಿಯವರೆಗೆ ನೋಟ ಹರಿಸಿ. ಎಲ್ಲಿ ಅಂಚು ಮುರಿದಂತೆ ಏರುಪೇರಾಗಿದೆಯೋ ಆ ಕಂಬದ ಬುಡ ಕುಸಿದಿದೆ. ಕಂಬದ ಮೈಮೇಲೆ ಸುಣ್ಣದ ಬಿಳಿ ಗೆರೆ ಇಳಿದಿದ್ದರೆ ಮೇಲೆ ಸಂದಿ ಸೋರುತ್ತಿತ್ತು ಎಂದು ಲೆಕ್ಕ. ದೋಣಿಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ಅರ್ಧ ಟನ್ನಿನ ಕಲ್ಲಿಗೆ ನಿಮ್ಮ ಭಾರ ಏನೂ ಅಲ್ಲ, ನಿಜ. ಆದರೆ ಈಗ ಸಂದಿಯಲ್ಲಿ ಗಾರೆ ಇಲ್ಲ, ತುದಿಯಲ್ಲಿ ಕಾಲಿಟ್ಟರೆ ಮಗುಚಬಹುದು.